ಕೋಳಿಗೆ ಸೈ, ಕೆನೆಗೆ ಹುಷಾರು: ಹತ್ತಿಂಚಿನ ಬೀಡಿನ ಬಾಣಲೆ

ಬೀಡಿನ, ಅಂದರೆ ಎರಕದ ಕಬ್ಬಿಣದ ಕಾವಲಿ, ಪಡ್ಡಿನ ಹೆಂಚು ತುಮಕೂರಿನ ಪಾತ್ರೆ ಅಂಗಡಿಗಳಿಗೆ ಹೊಸದಲ್ಲ. ಅವುಗಳ ಪಕ್ಕದಲ್ಲೇ ಈಗ ಇನ್ನೊಂದು ಕರಿ ಪಾತ್ರೆ ಬಂದು ಕೂತಿದೆ: ಚಪ್ಪಟೆ ತಳ, ಎರಡಿಂಚು ಎತ್ತರದ ಅಂಚು, ಗೇಣುದ್ದಕ್ಕಿಂತ ಚಿಕ್ಕದೊಂದು ಹಿಡಿ, ಎರಡು ಪಕ್ಕದಲ್ಲೂ ಎಣ್ಣೆ ಬಗ್ಗಿಸಲು ಪುಟ್ಟ ಮೂತಿ. ಡಬ್ಬದ ಮೇಲೆ ‘ಸ್ಕಿಲೆಟ್’ ಅಂತಿರುತ್ತದೆ, ಅಂಗಡಿಯಲ್ಲಿ ‘ಬೀಡಿನ ಪ್ಯಾನ್’ ಅಂದರೂ ಕೊಡುತ್ತಾರೆ. ದೋಸೆ, ಆಮ್ಲೆಟ್, ಮೀನು ಫ್ರೈ ಇದರಲ್ಲಿ ಚೆನ್ನಾಗಿ ಆಗುತ್ತವೆ ಎಂಬುದರಲ್ಲಿ ಹೇಳಲು ಹೊಸದೇನಿಲ್ಲ. ಇದರ ನಿಜವಾದ ಗುಣ-ದೋಷ ಬಯಲಾಗುವುದು ಕೋಳಿಯನ್ನು ಹೊಂಬಣ್ಣಕ್ಕೆ ಹುರಿದು, ಅದೇ ಪಾತ್ರೆಯಲ್ಲಿ ಕೆನೆ-ಸೊಪ್ಪಿನ ಸಾಸ್ ಇಳಿಸುವ ಅಡುಗೆಯಲ್ಲಿ. ಅರ್ಧ ಗಂಟೆಯ ಕೆಲಸ. ಮೊದಲ ಹದಿನೈದು ನಿಮಿಷ ಈ ಬಾಣಲೆ ದೇವರಂತೆ ಕೆಲಸ ಮಾಡುತ್ತದೆ, ಕೊನೆಯ ಹತ್ತು ನಿಮಿಷ ಕಣ್ಣು ತಪ್ಪಿಸಿದರೆ ಎಲ್ಲ ಕೆಡಿಸುತ್ತದೆ. ಎರಡಕ್ಕೂ ಕಾರಣ ಒಂದೇ, ಅದು ಬಿಸಿಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಮೊದಲು ಪಾತ್ರೆ. ಹತ್ತಿಂಚು ಅನ್ನುವುದು ಬಾಯಿಯ ಅಳತೆ. ತಳದ ಸಮತಟ್ಟು ಜಾಗ ಎಂಟಿಂಚು, ಅಂದರೆ 20 ಸೆಂ.ಮೀ. ಆಸುಪಾಸು. ಅಷ್ಟರಲ್ಲಿ ಅಂಗೈಯಗಲದ ನಾಲ್ಕು ತೊಡೆ ಪೀಸ್ ಒಂದಕ್ಕೊಂದು ತಾಗದೆ ಕೂರುತ್ತವೆ, ಐದನೆಯದಕ್ಕೆ ಜಾಗವಿಲ್ಲ. ಮೂರು ಜನರ ಮನೆಗೆ ಸರಿ. ಆರು ಜನಕ್ಕೆ ಮಾಡುವವರು ಹನ್ನೆರಡಿಂಚಿನದಕ್ಕೆ ಆಸೆ ಪಡುವ ಮುಂಚೆ ಅದನ್ನೊಮ್ಮೆ ಒಂದೇ ಕೈಯಲ್ಲಿ ಎತ್ತಿ ನೋಡಲಿ. ಹತ್ತಿಂಚಿನದೇ ಎರಡು ಕೆ.ಜಿ. ದಾಟುತ್ತದೆ, ಹನ್ನೆರಡಿಂಚಿನದು ಮೂರೂವರೆ ಕೆ.ಜಿ. ತನಕ ಹೋಗುತ್ತದೆ. ಅದರ ಮೇಲೆ ಅರ್ಧ ಕೆ.ಜಿ. ಕೋಳಿ, ಒಂದು ಲೋಟ ಸಾಸ್. ಸಾಸ್ ಬಗ್ಗಿಸುವಾಗ ಮಣಿಕಟ್ಟು ಸೋತರೆ ಕಟ್ಟೆಯೆಲ್ಲ ಕೆನೆ.

ಕೊಳ್ಳುವಾಗ ಮೂರು ಪರೀಕ್ಷೆ ಸಾಕು. ಹಿಡಿಯನ್ನು ಎರಡು ಬೆರಳಲ್ಲಿ ಹಿಡಿದು ತೂಗಾಡಿಸಿ ಗೆಣ್ಣಿನಿಂದ ತಳಕ್ಕೆ ಬಡಿಯಿರಿ. ಟಣ್ ಎಂದು ಗಂಟೆಯ ಹಾಗೆ ಎಳೆದರೆ ಒಳ್ಳೆಯದು, ದಬ್ ಎಂದು ಅಲ್ಲೇ ಸತ್ತರೆ ಎಲ್ಲೋ ಕೂದಲೆಳೆಯ ಬಿರುಕಿದೆ. ಅಂಗಡಿಯ ಗಾಜಿನ ಟೇಬಲ್ ಮೇಲಿಟ್ಟು ಅಂಚು ಒತ್ತಿ ನೋಡಿ, ಕುಣಿದರೆ ಬಿಡಿ. ಗ್ಯಾಸ್ ಒಲೆಯಲ್ಲಿ ಹೇಗೋ ನಡೆದೀತು, ಇಂಡಕ್ಷನ್ ಮೇಲೆ ಆ ಕುಣಿತ ದಿನಾ ಕಾಟ. ಕೊನೆಯದು, ಒಳಮೈ ಸವರಿ ನೋಡುವುದು. ಬೀಡನ್ನು ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುವುದರಿಂದ ಸಣ್ಣ ತರಿತರಿ ಇದ್ದೇ ಇರುತ್ತದೆ, ಅದು ದೋಷವಲ್ಲ. ಬೆರಳ ತುದಿ ಇಳಿಯುವಂಥ ಗುಳಿ ಇದ್ದರೆ ಮಾತ್ರ ಬೇಡ, ಅಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತದೆ. ಒಳಮೈಯನ್ನು ಯಂತ್ರದಲ್ಲಿ ಉಜ್ಜಿ ನುಣುಪು ಮಾಡಿದ್ದಕ್ಕೆ ಬೆಲೆ ಜಾಸ್ತಿ. ಮೊಟ್ಟೆಗೆ ಆ ನುಣುಪು ಲಾಭವೇ, ಕೋಳಿಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ. ಬರೀ ಈ ಅಡುಗೆಗೆ ಅಂತ ಹೆಚ್ಚು ಕೊಡಬೇಕಾಗಿಲ್ಲ.

‘ಪಳಗಿಸಿಯೇ ಕೊಟ್ಟಿದೆ’ ಎಂದು ಡಬ್ಬದ ಮೇಲಿರುವುದನ್ನು ಅರ್ಧ ಮಾತ್ರ ನಂಬಬೇಕು. ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆಯ ಪದರ ತೆಳುವಾಗಿರುತ್ತದೆ, ದೋಸೆಗೆ ಆದೀತು, ಕೆನೆಗೆ ಸಾಲದು. ಬೀಡಿನ ಪಾತ್ರೆಗೆ ಬಿಳಿ ಸಾಸ್‌ನಷ್ಟು ಕಟುವಾದ ಪರೀಕ್ಷೆ ಬೇರೆ ಇಲ್ಲ ಎಂಬುದು ನೆನಪಿರಲಿ. ಬಸ್ಸಾರಿನಲ್ಲಿ, ಗೊಜ್ಜಿನಲ್ಲಿ ನಾಲ್ಕು ಕರಿ ಕಣ ತೇಲಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆನೆಯಲ್ಲಿ ಬಿದ್ದರೆ ಸಾಸ್ ಬೂದಿ ಬಣ್ಣಕ್ಕೆ ತಿರುಗಿ, ತಟ್ಟೆ ನೋಡಿದವರು ಮುಖ ಹಿಂಡುತ್ತಾರೆ.

ಪಳಗಿಸುವ ಬಗೆ ಕಾವಲಿಯದೇ. ಬಿಸಿನೀರು, ಸೋಪು ಹಾಕಿ ಒಮ್ಮೆ ತೊಳೆದು, ಒಲೆಯ ಮೇಲೆ ಪೂರ್ತಿ ಒಣಗಿಸಿ. ಕಾಲು ಟೀ ಚಮಚ ರಿಫೈನ್ಡ್ ಸೂರ್ಯಕಾಂತಿ ಎಣ್ಣೆಯನ್ನು ಒಳಗೆ, ಹೊರಗೆ, ಹಿಡಿಗೂ ಸವರಿ, ಆಮೇಲೆ ಒಣ ಬಟ್ಟೆಯಲ್ಲಿ ‘ಅಯ್ಯೋ, ತಪ್ಪಿ ಹಚ್ಚಿಬಿಟ್ಟೆ’ ಎಂಬಂತೆ ಪೂರ್ತಿ ಒರೆಸಿ ತೆಗೆಯಬೇಕು. ಉಳಿಯುವ ಪಸೆ ಅಷ್ಟೇ ಸಾಕು. ಮಧ್ಯಮ ಉರಿಯಲ್ಲಿ ಹೊಗೆ ಎದ್ದು, ಹೊಗೆ ತಾನಾಗಿ ನಿಲ್ಲುವ ತನಕ ಕಾಯಿಸಿ ಆರಲು ಬಿಡಿ. ಹೀಗೆ ನಾಲ್ಕು ಸಲ. ಎಣ್ಣೆ ದಪ್ಪ ಹಚ್ಚಿದರೆ ಬೇಗ ಪಳಗುತ್ತದೆ ಎಂಬ ಲೆಕ್ಕ ತಪ್ಪು, ದಪ್ಪ ಪದರ ಅಂಟಂಟಾಗಿ ನಿಂತು ಮುಂದೆ ಸಿಪ್ಪೆ ಏಳುತ್ತದೆ. ಆ ಸಿಪ್ಪೆಯೇ ಕೆನೆಯಲ್ಲಿ ತೇಲುವ ಕರಿ ಕಣ. ಆಮೇಲೆ ಎರಡು ವಾರ ದೋಸೆ, ಆಮ್ಲೆಟ್, ಬಜ್ಜಿ ಮಾಡಿಕೊಂಡಿರಿ. ಟೊಮೊಟೊ, ಹುಣಸೆಹಣ್ಣು, ನಿಂಬೆರಸ ಹತ್ತಿರ ತರಬೇಡಿ. ಹುಳಿ ಪಳಗಿದ ಪದರವನ್ನೇ ತಿಂದುಹಾಕುತ್ತದೆ. ಕೋಲಾರದ ಕಡೆ ಟೊಮೊಟೊ ಬೀಳದ ಅಡುಗೆಯೇ ಅಪರೂಪ, ಅಲ್ಲಿನ ಮನೆಗಳಲ್ಲಿ ಈ ಎರಡು ವಾರ ತಾಳ್ಮೆ ಬೇಕು.

ಇನ್ನು ಕೋಳಿ. ನಾಟಿ ಕೋಳಿ ಈ ಅಡುಗೆಗಲ್ಲ, ಅದರ ಮಾಂಸ ಮೆತ್ತಗಾಗುವಷ್ಟರಲ್ಲಿ ಚರ್ಮ ಸೀದಿರುತ್ತದೆ. ಬಾಯ್ಲರ್ ಕೋಳಿಯೇ ಬೇಕು, ಅದರಲ್ಲೂ ತೊಡೆ. ಎದೆ ಮಾಂಸದಲ್ಲಿ ಕೊಬ್ಬು ಕಮ್ಮಿ, ಎರಡು ನಿಮಿಷ ಹೆಚ್ಚಾದರೂ ನಾರಾಗುತ್ತದೆ. ತೊಡೆ ಹಾಗಲ್ಲ, ಐದು ನಿಮಿಷ ಹೆಚ್ಚಾದರೂ ಕ್ಷಮಿಸುತ್ತದೆ. ತೊಂದರೆ ಇರುವುದು ಅಂಗಡಿಯಲ್ಲಿ. ತೂಕ ಹಾಕಿದ ಮರುಕ್ಷಣ ಸಾರಿಗೆ ಎಂದುಕೊಂಡು ಕತ್ತಿ ಬೀಸಿ ಹದಿನಾರು ತುಂಡು ಮಾಡುವುದು ನಮ್ಮ ಕಡೆ ಅಭ್ಯಾಸ. ತೂಕಕ್ಕೆ ಮುಂಚೆಯೇ ಹೇಳಿಬಿಡಬೇಕು: ‘ಅಣ್ಣಾ, ನಾಲ್ಕು ತೊಡೆ ಪೀಸು ಇಡಿಯಾಗೇ ಇರ್ಲಿ, ಸ್ಕಿನ್ ತೆಗೀಬೇಡಿ, ಒಳಗಿನ ಮೂಳೆ ಮಾತ್ರ ಬಿಡಿಸ್ಕೊಡಿ.’ ಮೂಳೆ ಬಿಡಿಸಲು ಪುರುಸೊತ್ತಿಲ್ಲ ಎಂದರೆ ಮೂಳೆ ಸಮೇತವೇ ತನ್ನಿ, ಬೇಯಲು ಏಳು ನಿಮಿಷ ಹೆಚ್ಚು ಬೇಕು, ಅಷ್ಟೆ. ಚರ್ಮ ಮಾತ್ರ ಇರಲೇಬೇಕು. ಅದರೊಳಗಿನ ಕೊಬ್ಬು ಕರಗಿ ಬಾಣಲೆಗೆ ಇಳಿದರೇ ಸಾಸ್‌ಗೆ ರುಚಿ.

ಮನೆಗೆ ತಂದ ಮೇಲೆ ನಾಲ್ಕು ನೀರಲ್ಲಿ ತೊಳೆದು, ಅರಿಶಿನ ಸವರಿ, ಜಾಲರಿಯಲ್ಲಿ ಇಡುವುದು ರೂಢಿ. ಇಲ್ಲಿ ಎರಡು ವಿಷಯ ಬಿಡಬೇಕು. ಅರಿಶಿನ ಬೇಡ, ಬಿಸಿ ಬೀಡಿಗೆ ತಗುಲಿದ ಅರಿಶಿನ ಮೊದಲು ಸೀಯುತ್ತದೆ, ಆಮೇಲೆ ಕೆನೆಯನ್ನು ಹಳದಿ ಮಾಡುತ್ತದೆ. ಎರಡನೆಯದು ನೀರು. ಚರ್ಮದ ಮೇಲೆ ತೇವ ಇರುವ ತನಕ ಅಲ್ಲಿನ ಬಿಸಿ ನೀರು ಕುದಿಯುವ ಮಟ್ಟ ದಾಟುವುದಿಲ್ಲ, ಹೊಂಬಣ್ಣ ಬರಲು 140 ಡಿಗ್ರಿಯಾದರೂ ಬೇಕು. ಒದ್ದೆ ಕೋಳಿ ಹುರಿಯುವುದಿಲ್ಲ, ತನ್ನದೇ ಆವಿಯಲ್ಲಿ ಬೇಯುತ್ತದೆ. ಒಣ ಬಟ್ಟೆಯಲ್ಲಿ ಎರಡೂ ಕಡೆ ಒತ್ತಿ ಒರೆಸಿ, 500 ಗ್ರಾಂಗೆ ಒಂದು ಟೀ ಚಮಚ ಪುಡಿ ಉಪ್ಪು, ಅರ್ಧ ಚಮಚ ತರಿ ಮೆಣಸಿನಪುಡಿ ಸವರಿ, ಚರ್ಮ ಮೇಲೆ ಬರುವಂತೆ ತಟ್ಟೆಯಲ್ಲಿ ಹಾಸಿ ಮುಚ್ಚದೆ ಫ್ರಿಜ್‌ನ ಕೆಳಗಿನ ತಟ್ಟಿನಲ್ಲಿ ಅರ್ಧ ದಿನ ಇಟ್ಟರೆ ಚರ್ಮ ಕಾಗದದಂತೆ ಒಣಗುತ್ತದೆ. ಅಷ್ಟು ಪುರುಸೊತ್ತಿಲ್ಲದಿದ್ದರೆ ಉಪ್ಪನ್ನು ಬಾಣಲೆಗೆ ಹಾಕುವ ಕ್ಷಣದಲ್ಲೇ ಹಾಕಿ. ಹತ್ತು ನಿಮಿಷ ಮುಂಚೆ ಹಾಕಿದರೆ ನೀರು ಬಿಟ್ಟುಕೊಂಡು ಒರೆಸಿದ್ದು ದಂಡ.

ಸೊಪ್ಪಿನ ವಿಷಯದಲ್ಲಿ ತುಮಕೂರು-ಕೋಲಾರದ ನಮ್ಮ ಕಡೆಯವರು ಪುಣ್ಯವಂತರು. ಈ ಅಡುಗೆ ಹುಟ್ಟಿದ ಕಡೆ ಥೈಮ್, ಪಾರ್ಸ್ಲಿ ಹಾಕುತ್ತಾರೆ. ಅವು ಇಲ್ಲಿ ಸೂಪರ್ ಮಾರ್ಕೆಟ್‌ನಲ್ಲಿ ಸೀಸೆಯೊಳಗೆ ಒಣಗಿ ಕೂತಿರುತ್ತವೆ, ಕೆನೆಗೆ ಬಿದ್ದರೆ ಒಣಹುಲ್ಲಿನ ರುಚಿ. ಅದರ ಬದಲು ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಯಿಂದಲೋ ಬೀದಿಯ ಸೊಪ್ಪಿನ ಗಾಡಿಯಿಂದಲೋ ಒಂದು ಕಟ್ಟು ಸಬ್ಬಸಿಗೆ ತನ್ನಿ. ಕೆನೆಗೂ ಸಬ್ಬಸಿಗೆಗೂ ಇರುವ ನಂಟು ಯುರೋಪಿನ ಅಡುಗೆಯಲ್ಲಿ ಹಳೆಯದು, ಅಲ್ಲಿ ಮೀನಿಗೆ ಹಾಕುತ್ತಾರೆ. ನಾವು ಅವರೆಕಾಳಿನ ಜೊತೆಗೋ ಅಕ್ಕಿ ರೊಟ್ಟಿಗೋ ಹಾಕಿ ಮರೆತುಬಿಡುತ್ತೇವೆ. ಥೈಮ್ ಜಾಗಕ್ಕೆ ದೊಡ್ಡಪತ್ರೆ. ಮಕ್ಕಳಿಗೆ ಕೆಮ್ಮು ಬಂದಾಗ ಬಾಡಿಸಿ ರಸ ಹಿಂಡುವ ಅದೇ ಎಲೆ. ಪಿಜ್ಜಾ ಮೇಲೆ ಉದುರಿಸುವ ಓರೆಗಾನೊ ಸೊಪ್ಪಿಗೆ ಘಾಟು ಕೊಡುವ ಕಾರ್ವಕ್ರಾಲ್ ಎಂಬ ಅಂಶ ದೊಡ್ಡಪತ್ರೆಯಲ್ಲೂ ಇದೆ, ಆ ಕಾರಣಕ್ಕೇ ಎರಡರ ವಾಸನೆ ಅಣ್ಣ-ತಮ್ಮಂದಿರ ಹಾಗೆ. ಆದರೆ ಎರಡೇ ಎಲೆ. ಮೂರನೆಯದು ಬಿದ್ದರೆ ಸಾಸ್ ಕಷಾಯವಾಗುತ್ತದೆ. ಪುದೀನ ಬೇಡ, ಅದು ಬಂದ ಕಡೆ ಬೇರೆ ಯಾರಿಗೂ ಮಾತಾಡಲು ಬಿಡುವುದಿಲ್ಲ.

ಅಳತೆ ಹೀಗಿದೆ: ಮೂಳೆ ಬಿಡಿಸಿದ, ಚರ್ಮವಿರುವ ತೊಡೆ ನಾಲ್ಕು, ಸುಮಾರು 500 ಗ್ರಾಂ. ಎಣ್ಣೆ ಒಂದು ದೊಡ್ಡ ಚಮಚ, ಬೆಣ್ಣೆ 15 ಗ್ರಾಂ. ಸಣ್ಣಗೆ ಹೆಚ್ಚಿದ ಸಾಂಬಾರ್ ಈರುಳ್ಳಿ ಹತ್ತು, ಜಜ್ಜಿದ ಬೆಳ್ಳುಳ್ಳಿ ಐದು ಎಸಳು. ಮೈದಾ ಒಂದು ಟೀ ಚಮಚ, ಬಿಸಿನೀರು 150 ಮಿ.ಲೀ., ಫ್ರೆಶ್ ಕ್ರೀಮ್ 100 ಮಿ.ಲೀ. ಹೆಚ್ಚಿದ ಸಬ್ಬಸಿಗೆ ಮೂರು ದೊಡ್ಡ ಚಮಚ, ಕೊತ್ತಂಬರಿ ಎರಡು, ದೊಡ್ಡಪತ್ರೆ ಎರಡೆಲೆ, ನಿಂಬೆರಸ ಒಂದು ಟೀ ಚಮಚ. ಎಲ್ಲವನ್ನೂ ಹೆಚ್ಚಿ, ಅಳೆದು ಪಕ್ಕದಲ್ಲಿಟ್ಟುಕೊಂಡೇ ಒಲೆ ಹಚ್ಚಬೇಕು. ಕೋಳಿ ತೆಗೆದ ಮೇಲೆ ಈರುಳ್ಳಿ ಹೆಚ್ಚುತ್ತೇನೆ ಅನ್ನುವ ಅಡುಗೆಯಲ್ಲ ಇದು.

ಬಾಣಲೆ ಕಾಯಿಸುವುದರಲ್ಲೇ ಮೊದಲ ಪಾಠ. ಬೀಡಿನೊಳಗೆ ಬಿಸಿ ಹರಡುವ ವೇಗ ಅಲ್ಯೂಮಿನಿಯಂನ ಕಾಲು ಭಾಗದಷ್ಟು. ಜೋರು ಉರಿ ಕೊಟ್ಟರೆ ಬರ್ನರ್‌ನ ಸುತ್ತ ಒಂದು ಉಂಗುರ ಕೆಂಡವಾಗಿ, ಅಂಚು ತಣ್ಣಗೇ ಉಳಿಯುತ್ತದೆ. ಒಂದೇ ಬಾಣಲೆಯಲ್ಲಿ ನಡುವಿನ ತುಂಡು ಸೀದು ಪಕ್ಕದ್ದು ಬಿಳುಚಿಕೊಂಡಿರುವುದು ಹೀಗೆ. ದೊಡ್ಡ ಬರ್ನರ್ ಮೇಲೆ ಮಧ್ಯಮ ಉರಿಯಲ್ಲಿ ಆರು ನಿಮಿಷ ಕಾಯಿಸಿ, ಮೂರನೇ ನಿಮಿಷದಲ್ಲಿ ಅರ್ಧ ಸುತ್ತು ತಿರುಗಿಸಿ. ಒಂದು ಹನಿ ನೀರು ಚಿಮುಕಿಸಿದರೆ ಚುರ್ ಎಂದು ಎರಡು ಕ್ಷಣದಲ್ಲಿ ಇಲ್ಲವಾಗಬೇಕು. ಹನಿ ಮುತ್ತಾಗಿ ಉರುಳಾಡಿದರೆ ಚರ್ಮವಿರುವ ಕೋಳಿಗೆ ಬಿಸಿ ಜಾಸ್ತಿಯಾಯಿತು, ಉರಿ ಇಳಿಸಿ ಒಂದು ನಿಮಿಷ ಕಾಯಿರಿ. ಎಣ್ಣೆ ಆಮೇಲೆ. ಗಾಣದ ಕಡ್ಲೆಕಾಯಿ ಎಣ್ಣೆಯ ರುಚಿ ಎಷ್ಟೇ ಚೆನ್ನಾಗಿದ್ದರೂ ಅದು ಬೇಗ ಹೊಗೆಯಾಡುತ್ತದೆ, ಇಲ್ಲಿಗೆ ರಿಫೈನ್ಡ್ ಎಣ್ಣೆಯೇ ಸರಿ.

ಚರ್ಮ ಕೆಳಗಾಗಿ ತುಂಡುಗಳನ್ನು ಇಟ್ಟು, ಮೊದಲ ಅರ್ಧ ನಿಮಿಷ ಸಟ್ಟುಗದಿಂದ ಒತ್ತಿ ಹಿಡಿಯಿರಿ. ಬಿಸಿಗೆ ಚರ್ಮ ಮುದುಡಿ ಎದ್ದರೆ ತಳಕ್ಕೆ ತಾಗುವುದು ಅಂಚು ಮಾತ್ರ. ಆಮೇಲೆ ಎಂಟು ನಿಮಿಷ ಮುಟ್ಟಲೇಬೇಡಿ. ಈ ಎಂಟು ನಿಮಿಷದಲ್ಲಿ ಬೀಡು ತನ್ನ ದುಡ್ಡು ವಸೂಲಿ ಮಾಡಿಕೊಡುತ್ತದೆ. ತೆಳು ನಾನ್‌ಸ್ಟಿಕ್ ಪ್ಯಾನ್‌ಗೆ ಫ್ರಿಜ್‌ನಿಂದ ತೆಗೆದ ಅರ್ಧ ಕೆ.ಜಿ. ಮಾಂಸ ಬಿದ್ದರೆ ಬಿಸಿ ಧುತ್ತನೆ ಇಳಿದು ನೀರು ಒಸರುತ್ತದೆ, ಎರಡು ಕೆ.ಜಿ.ಯ ಬೀಡು ಬಡಪೆಟ್ಟಿಗೆ ಆರುವುದಿಲ್ಲ. ಶಬ್ದ ಕೇಳಿಸಿಕೊಳ್ಳಿ. ಮೊದಲು ಜೋರಾಗಿ ಚಟಪಟ, ನೀರು ಹೋಗುತ್ತಿದೆ ಎಂದು ಅರ್ಥ. ಆಮೇಲೆ ಸಣ್ಣಗೆ ಒಂದೇ ಸಮ ಚಿರ್ ಎನ್ನುವುದು ಕೊಬ್ಬಿನಲ್ಲಿ ಚರ್ಮ ಹುರಿಯುವ ಸದ್ದು. ಮೊಗಚಲು ಹೋದಾಗ ಅಂಟಿಕೊಂಡಿದೆಯೆ? ಎಳೆಯಬೇಡಿ. ಹುರಿದದ್ದು ತಾನಾಗಿ ಬಿಡುತ್ತದೆ, ಅಂಟಿದ್ದು ಇನ್ನೂ ಹುರಿದಿಲ್ಲ. ಒಂದೂವರೆ ನಿಮಿಷ ಬಿಟ್ಟು ಮತ್ತೆ ನೋಡಿ. ಎಳೆದರೆ ಚರ್ಮ ತಳದಲ್ಲೇ ಉಳಿದು ಸೀಕಲಾಗುತ್ತದೆ.

ಮೊಗಚಿದ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ. ಮೂಳೆ ಇದ್ದರೆ ಊಟದ ತಟ್ಟೆಯನ್ನು ಬೋರಲು ಮುಚ್ಚಿ ಹನ್ನೆರಡು ನಿಮಿಷ. ಈ ಬಾಣಲೆಗಳ ಜೊತೆ ಮುಚ್ಚಳ ಸಾಮಾನ್ಯವಾಗಿ ಬರುವುದಿಲ್ಲ, ಅದೊಂದು ಕೊರತೆಯೇ. ಬೆಂದಿದೆಯೋ ಎಂದು ತಿಳಿಯಲು ದಪ್ಪ ಜಾಗಕ್ಕೆ ಚಾಕು ಚುಚ್ಚಿ, ರಸ ತಿಳಿಯಾಗಿ ಬರಬೇಕು. ಥರ್ಮಾಮೀಟರ್ ಇದ್ದವರಿಗೆ 74 ಡಿಗ್ರಿ ಸುರಕ್ಷಿತ ಗೆರೆ, ತೊಡೆ ಮೆತ್ತಗಾಗುವುದು 80 ದಾಟಿದ ಮೇಲೆ. (ಥರ್ಮಾಮೀಟರ್ ಸರಿಯಿದೆಯೇ ಎಂದು ಕುದಿಯುವ ನೀರಿಗೆ ಅದ್ದಿ ನೋಡುವವರು 97 ಕಂಡು ಗಾಬರಿಯಾಗಬೇಡಿ. ಸಮುದ್ರಮಟ್ಟದಿಂದ 800 ಮೀಟರ್‌ಗಿಂತ ಮೇಲಿರುವ ನಮ್ಮೂರುಗಳಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ.) ತುಂಡುಗಳನ್ನು ತಟ್ಟೆಗೆ ತೆಗೆದಿಡಿ, ಚರ್ಮ ಮೇಲಿರಲಿ.

ಇಲ್ಲಿಗೆ ಬಾಣಲೆಯ ಮೊದಲ ಮುಖ ಮುಗಿಯಿತು. ಇನ್ನೊಂದು ಮುಖ ಈಗ.

ಒಲೆ ಆರಿಸಿ. ಪೂರ್ತಿ ಆರಿಸಿ. ಬಗ್ಗಿಸಿದಾಗ ಎರಡು-ಮೂರು ಚಮಚ ಕೊಬ್ಬು ಮೂತಿಯ ಕಡೆ ಬರುತ್ತದೆ, ಒಂದು ಚಮಚ ಉಳಿಸಿ ಮಿಕ್ಕದ್ದನ್ನು ಬಟ್ಟಲಿಗೆ ತೆಗೆಯಿರಿ. ಮರುದಿನದ ಚಿತ್ರಾನ್ನದ ಒಗ್ಗರಣೆಗೆ ಆಯಿತು. ತಳದಲ್ಲಿ ಅಂಟಿರುವ ಕಂದು ಪದರ ನೋಡಿ. ಬೆಲ್ಲದ ಬಣ್ಣವಿದ್ದರೆ ಅದೇ ಸಾಸ್‌ನ ಜೀವ. ಇದ್ದಿಲಿನ ಬಣ್ಣವಿದ್ದರೆ ಅದು ಸೀಕಲು, ಮುಂದಿನ ಪ್ರತಿ ಚಮಚದಲ್ಲೂ ಕಹಿ ಬರುತ್ತದೆ, ಒರೆಸಿ ಎಸೆದು ಬೆಣ್ಣೆಯಿಂದ ಹೊಸದಾಗಿ ಶುರು ಮಾಡುವುದು ಲೇಸು.

ಒಲೆ ಆರಿಸಿದ್ದರೂ ಬಾಣಲೆ ಇನ್ನೂ ಉರಿಯುತ್ತಲೇ ಇರುತ್ತದೆ. ಈಗ ಬೆಳ್ಳುಳ್ಳಿ ಹಾಕಿದರೆ ಇಪ್ಪತ್ತು ಎಣಿಸುವುದರೊಳಗೆ ಕರಿ. ಅದಕ್ಕೇ ಬೆಣ್ಣೆ, ಈರುಳ್ಳಿ ಮೊದಲು. ಈರುಳ್ಳಿಯಲ್ಲಿರುವ ನೀರು ತಳವನ್ನು ತಣಿಸುತ್ತದೆ. ಎರಡು ನಿಮಿಷ ಬರೀ ಆ ಉಳಿದ ಬಿಸಿಯಲ್ಲೇ ಈರುಳ್ಳಿ ಬಾಡುತ್ತದೆ, ಗ್ಯಾಸ್ ಖರ್ಚಿಲ್ಲ. ಆಮೇಲೆ ಸಣ್ಣ ಉರಿ ಹಚ್ಚಿ ಬೆಳ್ಳುಳ್ಳಿ, ದೊಡ್ಡಪತ್ರೆ, ಅರ್ಧ ನಿಮಿಷ ಬಿಟ್ಟು ಮೈದಾ. ಮೈದಾದ ಹಸಿ ವಾಸನೆ ಹೋಗಲು ಒಂದು ನಿಮಿಷ ಕೈಯಾಡಿಸಿ. ಸಾಸ್ ಗಟ್ಟಿಯಾಗಲಿ ಎಂದಷ್ಟೇ ಮೈದಾ ಹಾಕುವುದಲ್ಲ, ಕೆನೆ ಒಡೆಯದಂತೆ ಹಿಡಿದಿಡುವುದೂ ಅದೇ. ಬಿಸಿನೀರು ಸುರಿದು ಮರದ ಸಟ್ಟುಗದಿಂದ ತಳ ಉಜ್ಜಿ. ಸ್ಟೀಲ್ ಮೊಗಚುವ ಕೈಯಿಂದ ಕೆರೆದರೆ ಕಂದು ಪದರದ ಜೊತೆ ಪಳಗಿಸಿದ ಪದರವೂ ಎದ್ದು ಬರುತ್ತದೆ. ಮೂರು-ನಾಲ್ಕು ನಿಮಿಷ ಕುದಿದು ಅರ್ಧಕ್ಕೆ ಇಳಿಯಲಿ.

ಮತ್ತೆ ಒಲೆ ಆರಿಸಿ. ಒಂದು ನಿಮಿಷ ಕಾಯಿರಿ. ಗುಳ್ಳೆ ಪೂರ್ತಿ ನಿಂತ ಮೇಲೆ ಕೆನೆ.

ಈ ಒಂದು ನಿಮಿಷ ತಪ್ಪಿದ್ದರಿಂದ ಕೆಡುವ ಸಾಸ್‌ಗಳೇ ಹೆಚ್ಚು. ವಿದೇಶಿ ಪಾಕವಿಧಾನಗಳಲ್ಲಿ ಕೆನೆ ಹಾಕಿ ಕುದಿಸಿ ಎಂದು ಧಾರಾಳವಾಗಿ ಬರೆದಿರುತ್ತದೆ. ಅವರ ಹೆವಿ ಕ್ರೀಮ್‌ನಲ್ಲಿ ಕೊಬ್ಬು ಶೇ 36 ಅಥವಾ ಅದಕ್ಕಿಂತ ಹೆಚ್ಚು. ನಮ್ಮಲ್ಲಿ ಎಲ್ಲ ಕಡೆ ಸಿಗುವ ಅಮೂಲ್ ಫ್ರೆಶ್ ಕ್ರೀಮ್‌ನಲ್ಲಿ ಶೇ 25. ಕೊಬ್ಬು ಕಡಿಮೆ ಇದ್ದಷ್ಟೂ ಅದರ ಪಾಲಿಗೆ ಹಾಲಿನ ಪ್ರೋಟೀನ್ ಹೆಚ್ಚು, ಕುದಿತಕ್ಕೂ ಹುಳಿಗೂ ಆ ಪ್ರೋಟೀನ್ ಮುದ್ದೆಗಟ್ಟಿ ಸಾಸ್ ಒಡೆಯುತ್ತದೆ. ಸ್ಟೀಲ್ ಪಾತ್ರೆಯಾದರೆ ಉರಿ ಇಳಿಸಿದ ಕೂಡಲೇ ಕುದಿ ನಿಲ್ಲುತ್ತದೆ, ಬೀಡಿನದ್ದು ಒಲೆ ಆರಿಸಿದ ಮೇಲೂ ಸ್ವಲ್ಪ ಹೊತ್ತು ಕುದಿಯುತ್ತಲೇ ಇರುತ್ತದೆ. ಕೆನೆಯನ್ನು ಫ್ರಿಜ್‌ನಿಂದ ತಂದು ನೇರ ಸುರಿಯಬೇಡಿ. ಬಟ್ಟಲಲ್ಲಿ ಹಾಕಿ, ಬಾಣಲೆಯ ಬಿಸಿ ರಸ ಎರಡು ಚಮಚ ಬೆರೆಸಿ, ಆಮೇಲೆ ಅದನ್ನು ನಿಧಾನಕ್ಕೆ ಇಳಿಸಿ. ಹೊರಗಿನ ಉರಿ ಬೇಕೇ ಇಲ್ಲ.

ಮನೆಯ ಕೆನೆ ನಡೆಯುತ್ತದೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಂದಂದಿನ ಹಾಲಿನ ಮೇಲೆ ಕಟ್ಟಿದ್ದಾದರೆ ಎರಡು ಚಮಚ ಹಾಲಿನ ಜೊತೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಹಾಕಬಹುದು. ಹೆಚ್ಚು ತಿರುಗಿಸಿದರೆ ಬೆಣ್ಣೆ ಬಂದುಬಿಡುತ್ತದೆ. ಬೆಣ್ಣೆ ಕಡೆಯಲು ವಾರವಿಡೀ ಡಬ್ಬಿಯಲ್ಲಿ ಕೂಡಿಟ್ಟ ಕೆನೆ ಖಂಡಿತ ಬೇಡ, ಅದು ಆಗಲೇ ಹುಳಿ ತಿರುಗಿರುತ್ತದೆ, ಬಿಸಿ ತಾಗಿದ ಕ್ಷಣ ಒಡೆಯುತ್ತದೆ. ಕೆನೆ ಇಲ್ಲವೇ ಇಲ್ಲ ಎಂದರೆ ಶೇ 6 ಕೊಬ್ಬಿನ ಫುಲ್ ಕ್ರೀಮ್ ಹಾಲು 200 ಮಿ.ಲೀ. ಹಾಕಿ, ನೀರು ಬಿಟ್ಟು, ಮೈದಾ ಎರಡು ಚಮಚಕ್ಕೆ ಏರಿಸಿ. ರುಚಿ ಒಂದು ಮೆಟ್ಟಿಲು ಕೆಳಗೆ, ಆದರೂ ತಿನ್ನುವಂತಿರುತ್ತದೆ.

ಒಡೆದೇ ಹೋದರೆ? ತರಿತರಿಯಾಗಿ, ಅಂಚಲ್ಲಿ ಎಣ್ಣೆ ಬೇರೆಯಾಗಿ ನಿಂತಿದ್ದರೆ ಮೊದಲು ಆ ಬಿಸಿ ಬಾಣಲೆಯಿಂದ ಸಾಸನ್ನು ಬಟ್ಟಲಿಗೆ ಸುರಿಯಿರಿ. ಬಾಣಲೆಯಲ್ಲೇ ಇಟ್ಟು ರಿಪೇರಿ ಮಾಡಲು ಹೋದರೆ ಇನ್ನೂ ಹಾಳು. ಎರಡು ಚಮಚ ತಣ್ಣನೆಯ ಕೆನೆ ಹಾಕಿ ಜೋರಾಗಿ ಕಡೆದರೆ ಎಷ್ಟೋ ಸಲ ಕೂಡಿಕೊಳ್ಳುತ್ತದೆ. ಪನೀರ್‌ನ ಹಾಗೆ ಗಟ್ಟಿ ಕಾಳು ಕಟ್ಟಿದ್ದರೆ ಕೂಡಿಕೊಳ್ಳುವುದಿಲ್ಲ, ಸೋಸಿ ರಸವನ್ನಷ್ಟೇ ಉಳಿಸಿಕೊಳ್ಳಿ.

ಸಾಸ್ ಸಟ್ಟುಗದ ಬೆನ್ನಿಗೆ ಅಂಟಿ, ಬೆರಳಿಂದ ಗೀರಿದರೆ ಗೆರೆ ಹಾಗೇ ನಿಂತರೆ ಹದ ಬಂತು. ಸಬ್ಬಸಿಗೆ, ಕೊತ್ತಂಬರಿ ಈಗ ಹಾಕಿ. ಮುಂಚೆ ಹಾಕಿದರೆ ಹಸಿರು ಮಾಸಿ ಘಮವೂ ಹೋಗುತ್ತದೆ. ತಟ್ಟೆಯಲ್ಲಿ ಕೋಳಿ ಬಿಟ್ಟ ರಸ ಇದ್ದರೆ ಅದನ್ನೂ ಸೇರಿಸಿ. ನಿಂಬೆರಸ ಮಾತ್ರ ಬಾಣಲೆಗೆ ಬೇಡ. ಸಾಸನ್ನು ಬಡಿಸುವ ಪಾತ್ರೆಗೆ ಸುರಿದ ಮೇಲೆ ಹಿಂಡಿ. ಕೆನೆಗೂ ಕ್ಷೇಮ, ಬೀಡಿಗೂ ಕ್ಷೇಮ. ಕೋಳಿಯನ್ನು ಸಾಸ್‌ನೊಳಗೆ ಮುಳುಗಿಸದೆ ಮೇಲಿಟ್ಟರೆ ಎಂಟು ನಿಮಿಷದ ಗರಿಗರಿ ಉಳಿಯುತ್ತದೆ. ಬಾಣಲೆ ಸಮೇತ ಊಟದ ಮೇಜಿಗೆ ತಂದಿಡುವ ಫೋಟೊಗಳು ಚೆಂದ, ಆದರೆ ಹದಿನೈದು ನಿಮಿಷ ಅದರಲ್ಲೇ ಕೂತ ಕೆನೆಗೆ ಕಬ್ಬಿಣದ ರುಚಿ ಬರುತ್ತದೆ.

ಅಕ್ಕಿ ರೊಟ್ಟಿ, ಚಪಾತಿ, ಬೇಕರಿಯ ಸಾದಾ ಬನ್ ಇದಕ್ಕೆ ಒಗ್ಗುತ್ತವೆ. ಮುದ್ದೆಗೆ ಆಗಿಬರುವುದಿಲ್ಲ. ಮುದ್ದೆ ಗಂಟಲಲ್ಲಿ ಜಾರಲು ತೆಳ್ಳನೆಯ ಖಾರದ ಸಾರು ಬೇಕು, ಈ ಸಾಸ್ ಅಲ್ಲೇ ನಿಲ್ಲಿಸಿಕೊಳ್ಳುತ್ತದೆ.

ಬೇರೆ ಪಾತ್ರೆಗಳ ಜೊತೆ ಹೋಲಿಸಿದರೆ, ನಾನ್‌ಸ್ಟಿಕ್‌ನಲ್ಲಿ ಕೆನೆಯ ಕೆಲಸ ಸುಲಭ, ಕೋಳಿಯ ಕೆಲಸ ಅರ್ಧಂಬರ್ಧ. ಅದರ ಲೇಪನವನ್ನು 260 ಡಿಗ್ರಿ ದಾಟಿಸಬಾರದು ಎಂಬ ಭಯ ಬೇರೆ, ತಳಕ್ಕೆ ಏನೂ ಅಂಟದ ಕಾರಣ ಕಂದು ಪದರವೂ ಸಿಗುವುದಿಲ್ಲ. ಸಾಸ್ ಬಿಳಿಯಾಗಿ, ಪೇಲವವಾಗಿ ಬರುತ್ತದೆ. ಟ್ರೈಪ್ಲೈ (ನಡುವೆ ಅಲ್ಯೂಮಿನಿಯಂ ಇರುವ ಮೂರು ಪದರದ) ಸ್ಟೀಲ್ ಪ್ಯಾನ್, ಒಂದು ಮಾತಲ್ಲಿ ಹೇಳುವುದಾದರೆ, ಈ ಅಡುಗೆಯೊಂದಕ್ಕೇ ಆದರೆ ಬೀಡಿಗಿಂತ ಮೇಲು. ಹುರಿಯುವುದೂ ಬರುತ್ತದೆ, ಉರಿ ಇಳಿಸಿದರೆ ಮಾತೂ ಕೇಳುತ್ತದೆ, ನಿಂಬೆ-ಟೊಮೊಟೊಗೆ ಹೆದರುವುದಿಲ್ಲ. ಆದರೆ ಕೈ ಪಳಗದವರಿಗೆ ಚರ್ಮ ಅಂಟುತ್ತದೆ, ದೋಸೆಯಂತೂ ಏಳುವುದೇ ಇಲ್ಲ, ಬೆಲೆಯೂ ಹೆಚ್ಚು. ದೋಸೆ, ಮೀನು, ಕೋಳಿ ಮೂರಕ್ಕೂ ಒಂದೇ ಪಾತ್ರೆ ಬೇಕೆನ್ನುವ ಮನೆಗೆ ಬೀಡು. ವಾರಕ್ಕೆರಡು ಸಲ ಇಂಥ ಸಾಸ್ ಮಾಡುವವರು ಸ್ಟೀಲ್‌ಗೇ ಹೋಗಲಿ.

ಇಂಡಕ್ಷನ್ ಮೇಲೂ ಬೀಡು ನಡೆಯುತ್ತದೆ, ಆದರೆ ಸುರುಳಿಯಷ್ಟಗಲ ಮಾತ್ರ ಕಾಯುತ್ತದೆ. ಕಡಿಮೆ ಅಂಕಿಯಲ್ಲಿ ಎಂಟು-ಹತ್ತು ನಿಮಿಷ ಕಾಯಿಸಿ ಏರಿಸಬೇಕು, ನೇರ ಗರಿಷ್ಠಕ್ಕೆ ಒತ್ತಿದರೆ ತಳ ಸೊಟ್ಟಗಾಗುವ, ಬಿರಿಯುವ ಅಪಾಯವಿದೆ. ಗಾಜಿನ ಮೇಲೆ ಎಳೆದಾಡಿದರೆ ಗೀರು ಗ್ಯಾರಂಟಿ.

ಹಿಡಿಯ ಬಗ್ಗೆ ಒಂದು ಎಚ್ಚರಿಕೆ. ಅದೂ ಬೀಡಿನದೇ, ಹತ್ತು ನಿಮಿಷ ಕಳೆದರೆ ಬರಿಗೈಗೆ ಚರ್ಮ ಸುಲಿಯುವಷ್ಟು ಬಿಸಿ. ಮಸಿಬಟ್ಟೆ ಮಡಿಸಿ ಹಿಡಿಯುತ್ತೇವೆ ಸರಿ, ಆ ಮಸಿಬಟ್ಟೆ ಒದ್ದೆಯಾಗಿರಬಾರದು. ಒದ್ದೆ ಬಟ್ಟೆಯಲ್ಲಿನ ನೀರು ಬಿಸಿಗೆ ಕ್ಷಣದಲ್ಲಿ ಆವಿಯಾಗಿ ಅಂಗೈಗೆ ನುಗ್ಗುತ್ತದೆ, ಆಗ ಕೈ ಬಿಟ್ಟರೆ ಎರಡು ಕೆ.ಜಿ. ಕಾಲಿನ ಮೇಲೆ.

ಊಟ ಮುಗಿಸಿ ಬರುವಷ್ಟರಲ್ಲಿ ಕೆನೆ ತಳದಲ್ಲಿ ಒಣಗಿ ಅಂಟಿರುತ್ತದೆ. ಸಿಂಕಿನಲ್ಲಿ ರಾತ್ರಿಯಿಡೀ ನೆನೆಹಾಕುವುದು ಈ ಪಾತ್ರೆಗೆ ಮಾಡುವ ದೊಡ್ಡ ದ್ರೋಹ, ಬೆಳಗ್ಗೆ ಕಿತ್ತಳೆ ಬಣ್ಣದ ತುಕ್ಕು ಕಾದಿರುತ್ತದೆ. ಒಂದು ಲೋಟ ನೀರು ಹಾಕಿ ಒಲೆಯ ಮೇಲೆ ಎರಡು ನಿಮಿಷ ಕುದಿಸಿದರೆ ತಾನಾಗಿ ಸಡಿಲವಾಗುತ್ತದೆ. ಜಿಡ್ಡಿಗೆ ಒಂದು ಹನಿ ಸೋಪು ಹಾಕಿದರೆ ಪದರ ಹೋಗುವುದಿಲ್ಲ, ಆ ಭಯ ಹಳೆಯದು. ಸ್ಟೀಲ್ ಉಜ್ಜುವ ನಾರು ಮಾತ್ರ ಬೇಡ, ತೆಂಗಿನ ನಾರು ಸಾಕು. ಬೋರ್‌ವೆಲ್ಲಿನ ಗಡಸು ನೀರು ಬರುವ ಮನೆಗಳಲ್ಲಿ ನೀರು ತಾನಾಗಿ ಆರಲು ಬಿಟ್ಟರೆ ಬಿಳಿ ಕಲೆ ಕೂರುತ್ತದೆ, ಒರೆಸಿ, ಒಲೆಯ ಮೇಲೆ ಒಂದು ನಿಮಿಷ ಕಾಯಿಸಿ, ಬಿಸಿಯಿರುವಾಗಲೇ ನಾಲ್ಕು ಹನಿ ಎಣ್ಣೆ ಸವರಿಡಿ. ಮಿಕ್ಕ ಸಾಸನ್ನು ಮರುದಿನ ಈ ಬಾಣಲೆಯಲ್ಲಿ ಬಿಸಿ ಮಾಡಬೇಡಿ. ಸ್ಟೀಲ್ ಬಟ್ಟಲಿಗೆ ಹಾಕಿ, ಒಂದು ಚಮಚ ಹಾಲು ಬೆರೆಸಿ, ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಬೆಚ್ಚಗೆ ಮಾಡಿ. ಕೋಳಿಯನ್ನು ಮಾತ್ರ ಬಾಣಲೆಗೆ ಹಾಕಿ, ಚರ್ಮ ಕೆಳಗೆ, ಎಣ್ಣೆ ಇಲ್ಲದೆ, ನಾಲ್ಕು ನಿಮಿಷ.